ಹೃದಯ ಒತ್ತುವ ಪಾಠಕ್ಕೆ ಗೊಂಬೆ ಕೊಟ್ಟ ಆಸ್ಮುಂಡ್ ಲೇರ್ಡಾಲ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಂದ ನರ್ಸಿಂಗ್ ಓದಲು ಹೋದ ನಮ್ಮ ಮಕ್ಕಳಿಗೆ ಆ ಪ್ಲಾಸ್ಟಿಕ್ ಗೊಂಬೆಯ ಪರಿಚಯವಿದೆ. ನಿಂತ ಹೃದಯದ ರೋಗಿಯ ಎದೆಯನ್ನು ಒತ್ತಿ ರಕ್ತಸಂಚಾರ ಉಳಿಸುವುದನ್ನು ಅವರು ಕಲಿಯುವುದು ಅದರ ಮೇಲೆಯೇ. ಅಂಥ ಗೊಂಬೆಯನ್ನು ಲೋಕಕ್ಕೆ ಪರಿಚಯಿಸಿದವರು ವೈದ್ಯರಲ್ಲ. ಅವರು ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್.

1940ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸ್ಟಾವಂಗರ್ ಪಟ್ಟಣದಲ್ಲಿ ಅವರು ಸಣ್ಣ ಸಂಸ್ಥೆಯೊಂದನ್ನು ಆರಂಭಿಸಿದರು. ಶುಭಾಶಯ ಪತ್ರಗಳು, ಮಕ್ಕಳ ಪುಸ್ತಕಗಳು ಮೊದಲ ಸರಕು. ನಂತರ ಮರದ ಆಟಿಕೆಗಳು ಬಂದವು. ನಮ್ಮ ಚನ್ನಪಟ್ಟಣದವರು ಮರವನ್ನು ಬಿಡಲಿಲ್ಲ. ಲೇರ್ಡಾಲ್ ಮಾತ್ರ ಮೃದು ಪ್ಲಾಸ್ಟಿಕ್ಕಿಗೆ ಹೊರಳಿದರು. ಅವರ ಕಾರು, ಗೊಂಬೆಗಳು ಹೆಸರು ಮಾಡಿದವು. ನಾಗರಿಕ ರಕ್ಷಣಾ ಪಡೆಯ ತರಬೇತಿಗೆಂದು ಪ್ಲಾಸ್ಟಿಕ್ಕಿನ ಕೃತಕ ಗಾಯಗಳನ್ನೂ ಮಾಡಿಕೊಟ್ಟರು.

1950ರ ದಶಕದಲ್ಲಿ ಅವರ ಎರಡು ವರ್ಷದ ಮಗ ಟೋರೆ ನೀರಿನಲ್ಲಿ ಮುಳುಗಿದ. ತಂದೆಯೇ ಎತ್ತಿ, ಉಸಿರುದಾರಿಯಿಂದ ನೀರು ಹೊರಹಾಕಿ ಬದುಕಿಸಿದರು. ಆದ್ದರಿಂದ 1958ರಲ್ಲಿ ನಾರ್ವೆಯಲ್ಲಿ ಡಾ. ಪೀಟರ್ ಸಾಫರ್ ಬಾಯಿಯಿಂದ ಬಾಯಿಗೆ ಉಸಿರು ಕೊಡುವ ವಿಧಾನದ ಬಗ್ಗೆ ಉಪನ್ಯಾಸ ನೀಡಿದ ಮೇಲೆ, ಅದನ್ನು ಕಲಿಸಲು ಗೊಂಬೆ ಬೇಕೆಂಬ ಅರಿವಳಿಕೆ ತಜ್ಞ ಡಾ. ಬ್ಯೋರ್ನ್ ಲಿಂಡ್ ಅವರ ಮಾತು ಲೇರ್ಡಾಲ್ ಅವರಿಗೆ ಬೇಗ ನಾಟಿರಬೇಕು. 1960ರಲ್ಲಿ 'ರೆಸಸಿ ಆನ್' ಹೊರಬಂತು. ಅದರ ಮುಖ, ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಿದಳೆಂದು ಹೇಳಲಾಗುವ ಅನಾಮಿಕ ಹುಡುಗಿಯ ಮುಖವಾಡದ್ದು.

ಅದೇ 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಅವರು ಎದೆ ಸೀಳದೆ ಹೊರಗಿನಿಂದ ಒತ್ತಿ ಹೃದಯಕ್ಕೆ ನೆರವಾಗಬಹುದೆಂದು ಪ್ರಕಟಿಸಿದರು. ಸಾಫರ್ ಸಲಹೆಯಂತೆ ಲೇರ್ಡಾಲ್ ಗೊಂಬೆಯ ಎದೆಯೊಳಗೆ ಸ್ಪ್ರಿಂಗ್ ಇಟ್ಟರು. ನೋಡಲು ಸಣ್ಣ ಬದಲಾವಣೆ. ಆದರೆ ಮಿಡಿಯುತ್ತಿರುವ ಹೃದಯದ ಮನುಷ್ಯನ ಎದೆಯ ಮೇಲೆ ಈ ಅಭ್ಯಾಸ ಮಾಡುವಂತಿಲ್ಲ, ಪುಸ್ತಕ ಓದಿದರೆ ಕೈಗೆ ಬರುವುದೂ ಇಲ್ಲ. ಒತ್ತಿದಷ್ಟು ತಗ್ಗಿ ಮತ್ತೆ ಮೇಲೇಳುವ ಎದೆ ಬೇಕಿತ್ತು.

ವಿದ್ಯಾರ್ಥಿ ಮಿತ್ರರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಚೆನ್ನಾಗಿ ಒತ್ತಿದರೂ ಸಹಜ ರಕ್ತಸಂಚಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟೇ ದೊರೆಯುತ್ತದೆ. ಅಳುಕುತ್ತಾ ಒತ್ತಿದರೆ ಮೆದುಳಿಗೆ ತಲುಪುವುದು ಅತ್ಯಲ್ಪ. ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಬಾರಿ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಒತ್ತುವವರಿಗೆ ಬೇಗ ದಣಿವಾಗುವುದರಿಂದ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಬೇಕು, ಅದೂ ಹೆಚ್ಚು ಬಿಡುವು ಕೊಡದೆ. ಆಸ್ಪತ್ರೆಯಲ್ಲಿ ಇನ್ನೊಂದು ತೊಡಕು: ಮೆತ್ತನೆಯ ಹಾಸಿಗೆಯೇ ತಗ್ಗಿಬಿಡುತ್ತದೆ, ಎದೆ ಎಷ್ಟು ತಗ್ಗಿತೆಂಬ ಅಂದಾಜು ತಪ್ಪುತ್ತದೆ.

ಇದನ್ನೆಲ್ಲ ಕಣ್ಣಳತೆಯಿಂದ ಹೇಳುವುದು ಕಷ್ಟ. ಲೇರ್ಡಾಲ್ ಸಂಸ್ಥೆ ಮುಂದೆ ಪ್ರತಿ ಒತ್ತನ್ನೂ ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ಬರೆಯುವ ಗೊಂಬೆ ತಯಾರಿಸಿತು. ಕಲಿಯುವವರು ತಮ್ಮ ಕೈ ಎಲ್ಲಿ ಸೋತಿತೆಂದು ತಾವೇ ನೋಡುವಂತಾಯಿತು. ಕಲಿತದ್ದು ಕೆಲವೇ ತಿಂಗಳಲ್ಲಿ ಮಾಸುತ್ತದೆ. ಹತ್ತು ವರ್ಷದ ಹಿಂದಿನ ಪ್ರಮಾಣಪತ್ರ ಗೋಡೆಯ ಮೇಲಿದ್ದರೆ ಸಾಲದು. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಕೈಗಳೇ ಕಡಿಮೆ, ಇದ್ದ ಕೈಗಳಿಗಾದರೂ ರೂಢಿ ಇರಬೇಕು.

1980ರಲ್ಲಿ ಲೇರ್ಡಾಲ್ ತುರ್ತು ವೈದ್ಯಕೀಯ ಸಂಶೋಧನೆಗೆ ನೆರವಾಗುವ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಮರುವರ್ಷ, 1981ರಲ್ಲಿ, ನಿಧನರಾದರು. ಸಂಸ್ಥೆಯ ಹೊಣೆ ಹೊತ್ತವರು ಮಗ ಟೋರೆ.