ಪ್ಲೇಟೋ: ನ್ಯಾಯವಂತನ ಸುಖದ ಪ್ರಶ್ನೆ

ನ್ಯಾಯವಾಗಿ ಬದುಕಿದವನು ಸುಖವಾಗಿಯೂ ಬದುಕುತ್ತಾನೆಯೆ ಎಂಬುದು ಪ್ಲೇಟೋವಿಗೆ (ಸುಮಾರು ಕ್ರಿ.ಪೂ. ೪೨೭–೩೪೭) ಕೇವಲ ತಾತ್ವಿಕ ಜಿಜ್ಞಾಸೆಯಾಗಿರಲಿಲ್ಲ, ಅವನ ಬದುಕೇ ಆ ಪ್ರಶ್ನೆಯನ್ನು ಅವನ ಮುಂದಿರಿಸಿತು. ಗ್ರೀಕರ ‘ಯೂಡೈಮೋನಿಯಾ’ ಎಂಬ ಪದಕ್ಕೆ ‘ಸುಖ’ ಎಂಬುದು ಹತ್ತಿರದ ಪದವೇ ಹೊರತು ಸಮಾನ ಪದವಲ್ಲ. ಇಡೀ ಬಾಳು ಸಾರ್ಥಕವಾಗಿ ಸಾಗುವ ಸ್ಥಿತಿಯನ್ನು ಅದು ಸೂಚಿಸುತ್ತದೆ.

ಅಥೆನ್ಸ್‌ನ ಕುಲೀನ ಮನೆತನದಲ್ಲಿ ಜನಿಸಿದ ಪ್ಲೇಟೋ ಪೆಲೊಪೊನೇಶಿಯನ್ ಯುದ್ಧದ ನಡುವೆ ಬೆಳೆದನು. ಕ್ರಿ.ಪೂ. ೪೦೪ರಲ್ಲಿ ಅಥೆನ್ಸ್ ಸೋತ ಬಳಿಕ ಮೂವತ್ತು ಮಂದಿಯ ಕ್ರೂರ ಆಳ್ವಿಕೆ ಆರಂಭವಾಯಿತು. ಅದರ ಮುಂದಾಳು ಕ್ರಿಟಿಯಸ್ ಪ್ಲೇಟೋವಿನ ತಾಯಿಯ ಕಡೆಯ ಬಂಧು. ಮರುವರ್ಷ ಪ್ರಜಾಪ್ರಭುತ್ವ ಮರಳಿತಾದರೂ ಕ್ರಿ.ಪೂ. ೩೯೯ರಲ್ಲಿ ಅದರ ನ್ಯಾಯಸಭೆಯೇ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ಕೆಲವರ ಆಳ್ವಿಕೆ, ಬಹುಜನರ ಆಳ್ವಿಕೆ ಎರಡರಲ್ಲಿಯೂ ಅನ್ಯಾಯವನ್ನು ಕಂಡ ಪ್ಲೇಟೋ ನಗರದ ರಾಜಕಾರಣದಿಂದ ದೂರ ಸರಿದನು. ಕ್ರಿ.ಪೂ. ೩೮೭ರ ಸುಮಾರಿಗೆ ನಗರದ ಹೊರವಲಯದಲ್ಲಿ ಅಕಾಡೆಮಿಯನ್ನು ಸ್ಥಾಪಿಸಿದನು.

ಹತ್ತು ಭಾಗಗಳ ‘ರಿಪಬ್ಲಿಕ್’ ಕೃತಿಯಲ್ಲಿ ಈ ಅನುಭವ ಚಿಂತನೆಯಾಗಿ ಮೈದಳೆದಿದೆ. ಬಲಿಷ್ಠರ ಹಿತವೇ ನ್ಯಾಯವೆಂದು ಥ್ರಸಿಮಾಕಸ್ ವಾದಿಸುತ್ತಾನೆ. ಪ್ಲೇಟೋವಿನ ಸೋದರ ಗ್ಲಾಕನ್ ಇನ್ನೂ ಕಠಿಣವಾದ ಸವಾಲನ್ನು ಒಡ್ಡುತ್ತಾನೆ. ಅನ್ಯಾಯಗಾರನೆಂಬ ಅಪಕೀರ್ತಿ ಹೊತ್ತು, ಚಿತ್ರಹಿಂಸೆಗೊಳಗಾಗಿ ಸಾಯುವ ನ್ಯಾಯವಂತನು, ಸಜ್ಜನನೆಂಬ ಹೆಸರು ಗಳಿಸಿ ಸುಖಿಸುವ ವಂಚಕನಿಗಿಂತ ಮೇಲೆಂದು ತೋರಿಸಬೇಕೆನ್ನುತ್ತಾನೆ. ಈ ಚಿತ್ರದ ಹಿಂದೆ ಸಾಕ್ರಟೀಸನ ಅಂತ್ಯದ ನೆರಳನ್ನು ಗುರುತಿಸಬಹುದು. ವಿವೇಕ, ಕೆಚ್ಚು, ಬಯಕೆ ಎಂಬ ಆತ್ಮದ ಮೂರು ಅಂಶಗಳು ವಿವೇಕದ ಅಧೀನದಲ್ಲಿ ತಂತಮ್ಮ ಕಾರ್ಯವನ್ನು ನಿರ್ವಹಿಸುವುದೇ ನ್ಯಾಯವೆಂಬುದು ಕೃತಿಯ ಉತ್ತರ. ನ್ಯಾಯವು ಆತ್ಮದ ಆರೋಗ್ಯವಾದುದರಿಂದ ಸರ್ವಾಧಿಕಾರಿಯು ಹೊರಗೆ ಎಷ್ಟೇ ಪ್ರಬಲನಾಗಿದ್ದರೂ ಒಳಗೆ ಬಯಕೆಗಳ ದಾಸನಾಗಿರುತ್ತಾನೆ.

ಈ ವಿಚಾರಕ್ಕೆ ಸಿಸಿಲಿಯ ಸಿರಾಕ್ಯೂಸ್ ನಗರ ಪರೀಕ್ಷೆಯಾಯಿತು. ಹಿಂದೊಮ್ಮೆ ಅಲ್ಲಿಗೆ ಹೋಗಿದ್ದ ಪ್ಲೇಟೋ ಕ್ರಿ.ಪೂ. ೩೬೭ ಹಾಗೂ ೩೬೧ರಲ್ಲಿ ಮತ್ತೆ ತೆರಳಿದನು. ಈ ಯಾತ್ರೆಗಳ ಮುಖ್ಯ ಆಧಾರವಾದ ‘ಏಳನೆಯ ಪತ್ರ’ದ ಕರ್ತೃತ್ವ ಇಂದಿಗೂ ವಿವಾದಾಸ್ಪದ. ತರುಣ ಅರಸ ಎರಡನೆಯ ಡಯೊನೀಸಿಯಸನನ್ನು ತತ್ತ್ವಜ್ಞಾನದತ್ತ ತಿರುಗಿಸುವ ಯತ್ನ ವಿಫಲವಾಯಿತು. ಮಿತ್ರ ಡಿಯೋನ್ ಕ್ರಿ.ಪೂ. ೩೫೪ರಲ್ಲಿ ಕೊಲೆಯಾದನು. ಕೊನೆಯ ಕೃತಿಯಾದ ‘ಲಾಸ್’ನಲ್ಲಿ ಪ್ಲೇಟೋ ಆಳುವವರನ್ನೂ ಕಾನೂನಿನ ಸೇವಕರನ್ನಾಗಿಸಿದನು.

ಅಕಾಡೆಮಿಯಲ್ಲಿ ಸುಮಾರು ಇಪ್ಪತ್ತು ವರ್ಷಗಳಿದ್ದ ಅರಿಸ್ಟಾಟಲ್, ಚಿತ್ರಹಿಂಸೆಗೆ ಸಿಕ್ಕಿದವನನ್ನು ಸುಖಿಯೆನ್ನುವುದು ಅರ್ಥಹೀನವೆಂದು ಮುಂದೆ ಪ್ರತಿಪಾದಿಸಿದನು. ಗ್ಲಾಕನನ ಸವಾಲು ಹೀಗೆ ಗುರುವಿನ ಉತ್ತರದೊಡನೆ ಮುಗಿಯದೆ ಶಿಷ್ಯನಲ್ಲಿಯೂ ಮುಂದುವರಿಯಿತು.