ಪಿಯಾನೋ ಕಲಿತ ಅರಸರು

1956ನೆಯ ನವೆಂಬರ್ 1ರಂದು ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅಂದು ನಮ್ಮ ಹಲಬರ್ಗಾ, ಭಾಲ್ಕಿ, ಔರಾದಗಳ ಜನಕ್ಕೆ ಮೊದಲ ರಾಜ್ಯಪಾಲರಾಗಿ ದೊರೆತವರು ಶ್ರೀ ಜಯಚಾಮರಾಜ ಒಡೆಯರು. ಅವರು ನಮಗೆ ಎಂದೂ ಅರಸರಾಗಿದ್ದವರಲ್ಲ. ನಮ್ಮ ಹಿರಿಯರು ನಿಜಾಮರ ನಾಣ್ಯ ಎಣಿಸಿದವರು, ಉರ್ದುವಿನಲ್ಲಿ ಅರ್ಜಿ ಬರೆಸಿದವರು. ಮೈಸೂರೆಂದರೆ ಅವರಿಗೆ ದಸರೆಯ ಪಟದಲ್ಲಿ ಕಂಡ ದೂರದ ಊರು. ಆದುದರಿಂದ ಈ ಮಹನೀಯರ ವಿಷಯದಲ್ಲಿ ನಮ್ಮ ಭಾಗದವರಿಗೆ ಭಕ್ತಿಯೂ ಕಡಿಮೆ, ತಿಳಿವಳಿಕೆಯೂ ಕಡಿಮೆ. ಭಕ್ತಿ ಕಡಿಮೆಯಾದುದರಿಂದ ನನಗೇನೂ ಚಿಂತೆಯಿಲ್ಲ. ತಿಳಿವಳಿಕೆಯ ಕೊರತೆಯನ್ನು ಮಾತ್ರ ಈ ಪುಟಗಳಲ್ಲಿ ಸ್ವಲ್ಪ ತುಂಬಲು ಯತ್ನಿಸುತ್ತೇನೆ. ಅದೂ ಅವರ ರಾಜ್ಯಭಾರವನ್ನು ಕುರಿತಲ್ಲ, ಸಂಗೀತವನ್ನು ಕುರಿತು.

ಜಯಚಾಮರಾಜರು ಹುಟ್ಟಿದ್ದು 1919ನೆಯ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪುಚೆಲುವಾಜಮ್ಮಣ್ಣಿಯವರು. ಅರಸರಾಗಿದ್ದವರು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರ ಅರಮನೆ ಎಂದರೆ ಸಂಗೀತದ ಸಂತೆಯೇ ಸರಿ. ಅವರು ಸ್ವತಃ ವೀಣೆ, ಪಿಟೀಲು, ಪಿಯಾನೋ ಮೊದಲಾದ ಹಲವು ವಾದ್ಯಗಳನ್ನು ಬಲ್ಲವರು. ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಅಲ್ಲಿಯ ಆಸ್ಥಾನದವರು. ನಮ್ಮ ಉತ್ತರದ ಹಾಡಿಕೆಗೂ ಅಲ್ಲಿ ಮನ್ನಣೆಯಿತ್ತು. ಅಬ್ದುಲ್ ಕರೀಂ ಖಾನರು ಅಲ್ಲಿ ಸನ್ಮಾನ ಪಡೆದರು. ಕಲ್ಕತ್ತೆಯ ಗೌಹರ್ ಜಾನ್ ಕಡೆಗಾಲದಲ್ಲಿ ಅಲ್ಲಿಯೇ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದರು. ಇದರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಒಂದಿತ್ತು. ಜರ್ಮನಿಯಿಂದ ಬಂದ ಆಟೊ ಸ್ಮಿತ್ ಎಂಬುವರು ಅದನ್ನು ನಡೆಸುತ್ತಿದ್ದರು. ತ್ಯಾಗರಾಜರ ಕೃತಿಗಳನ್ನು ಪಿಟೀಲು, ಚೆಲೋ, ಕೊಳಲು, ತುತ್ತೂರಿಗಳಿಗೆ ಹಂಚಿ ನುಡಿಸುವ ಸಾಹಸವೂ ಅಲ್ಲಿ ನಡೆಯಿತು.

ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಸಂಗೀತ ಬಂದುದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ ಅವನ ಮನಸ್ಸು ಮೊದಲು ಹರಿದದ್ದು ಪಿಯಾನೋದ ಕಡೆಗೆ. ಮೈಸೂರಿನ ಗುಡ್ ಷೆಪರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್ ಅವರಲ್ಲಿ ಪಾಠ. ಪಾಠವೆಂದರೆ ರಾಜಕುಮಾರರ ವಿನೋದವಲ್ಲ, ಪರೀಕ್ಷೆಗೆ ಕೂರುವ ಪಾಠ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿ ಅವರಿಗೆ ದೊರೆಯಿತು. ಟ್ರಿನಿಟಿ ಕಾಲೇಜು 1945ರಲ್ಲಿ ಗೌರವ ಫೆಲೋ ಆಗಿ ಸ್ವೀಕರಿಸಿತು. ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರರಾದರು. ಮರುವರ್ಷ ಯುರೋಪಿನ ಪ್ರವಾಸ ಮಾಡಿದರು. ವೇದಿಕೆಯ ಮೇಲೆ ಪಿಯಾನೋ ನುಡಿಸುವ ವಾದಕನಾಗಬೇಕೆಂಬ ಹಂಬಲ ಆಗ ಅವರಲ್ಲಿ ಬಲವಾಗಿತ್ತು. ಆದರೆ 1940ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪನವರು. ಐದು ತಿಂಗಳೊಳಗೆ ಮನೆಯ ಎರಡು ಕಂಬ ಉರುಳಿದವು. ಸೆಪ್ಟೆಂಬರ್ 8ರಂದು ಇಪ್ಪತ್ತೊಂದು ವರ್ಷದ ತರುಣ ಸಿಂಹಾಸನವನ್ನೇರಿದನು. ಪಿಯಾನೋದ ಮುಚ್ಚಳ ಮುಚ್ಚಿತೆಂದಲ್ಲ, ವೇದಿಕೆಯ ದಾರಿ ಮುಚ್ಚಿತು. ನಮ್ಮಲ್ಲಿ ಎಷ್ಟೋ ಮಂದಿ ಹೊಲ ನೋಡಿಕೊಳ್ಳುವವರಿಲ್ಲವೆಂದು ಓದನ್ನು ಬಿಟ್ಟವರಿದ್ದಾರೆ. ಅದೂ ಇದೂ ಒಂದೇ ತೂಕವೆಂದು ನಾನು ಹೇಳುವುದಿಲ್ಲ. ಜಾತಿ ಒಂದೇ ಎಂದಷ್ಟೇ ತೋರುತ್ತದೆ.

ತಾನು ನುಡಿಸಲಾಗದವನು ಕೇಳತೊಡಗಿದನು. ಅರಮನೆಯ ಧ್ವನಿಮುದ್ರಿಕೆಗಳ ಸಂಗ್ರಹ ಬೆಳೆಯುತ್ತ ಇಪ್ಪತ್ತು ಸಾವಿರದಷ್ಟಾಯಿತೆಂದು ಅಂದಾಜು. ಆ ಕಾಲದ ಅರಗಿನ ತಟ್ಟೆಯ ಒಂದು ಮಗ್ಗುಲು ನಾಲ್ಕೈದು ನಿಮಿಷ ಮಾತ್ರ ಹಾಡುತ್ತಿತ್ತು. ಅರ್ಧ ಗಂಟೆಯ ಒಂದು ರಚನೆ ಕೇಳಬೇಕಾದರೆ ಏಳೆಂಟು ಸಲ ತಟ್ಟೆ ತಿರುವಬೇಕು. ಇನ್ನು ಅದನ್ನು ಮುದ್ರಿಸುವ ಖರ್ಚು ಬೇರೆ: ಎಂಬತ್ತು ತೊಂಬತ್ತು ವಾದಕರ ಕೂಲಿ, ಅಭ್ಯಾಸದ ದಿನಗಳು, ಸ್ಟುಡಿಯೋದ ಬಾಡಿಗೆ. ಹೆಸರಾಂತ ರಚನೆಗಳಿಗಾದರೆ ಗಿರಾಕಿಗಳು ಸಿಕ್ಕುತ್ತಾರೆ. ಹೆಸರಿಲ್ಲದವರ ಗತಿ? ಹೀಗೆ ಹೆಸರಿಲ್ಲದೆ ಮೂಲೆಗೆ ಬಿದ್ದಿದ್ದವರಲ್ಲಿ ನಿಕೊಲಾಯ್ ಮೆಟ್ನರ್ ಒಬ್ಬರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ ಪಿಯಾನೋವಾದಕರು ಹಾಗೂ ವಾಗ್ಗೇಯಕಾರರು. ರಖ್ಮನಿನಫ್ ಅವರಂಥ ಜಗತ್ಪ್ರಸಿದ್ಧರ ಗೆಳೆತನ, ಗೌರವ ಇತ್ತು. ಕೇಳುವ ಜನ ಇರಲಿಲ್ಲ. ಯುದ್ಧ ಮುಗಿಯುವ ವೇಳೆಗೆ ವಯಸ್ಸೂ ಆಗಿತ್ತು, ಆರೋಗ್ಯವೂ ಕೆಟ್ಟಿತ್ತು. ಆಗ ಅವರು ಕಂಡೂ ಕೇಳದ ಮೈಸೂರಿನಿಂದ ನೆರವು ಬಂದಿತು. ಮಹಾರಾಜರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಏರ್ಪಟ್ಟು, ಅವರ ಮೂರೂ ಪಿಯಾನೋ ಕನ್ಚರ್ಟೋಗಳನ್ನೂ ಅನೇಕ ಹಾಡುಗಳನ್ನೂ ಸ್ವತಃ ಅವರ ಕೈಯಿಂದಲೇ ನುಡಿಸಿ ಮುದ್ರಿಸಲಾಯಿತು. ಎಲಿಜಬೆತ್ ಷ್ವಾರ್ಟ್ಸ್‌ಕಾಫ್ ಅವರಂಥ ಗಾಯಕಿ ಹಾಡಿದರು, ಮುದುಕರು ಪಿಯಾನೋದಲ್ಲಿ ಜೊತೆಗೊಟ್ಟರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ನಾಲ್ಕು ವರ್ಷ ತಡವಾಗಿದ್ದರೆ ಆ ಕೈ ನಮಗೆ ಕೇಳಿಸುತ್ತಿರಲಿಲ್ಲ. ತಮ್ಮ ಮೂರನೆಯ ಕನ್ಚರ್ಟೋವನ್ನು ಅವರು ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ.

ಈ ಕಾರ್ಯದಲ್ಲಿ ಮಧ್ಯಸ್ಥರಾಗಿದ್ದವರು ಗ್ರಾಮಫೋನು ಕಂಪನಿಯ ವಾಲ್ಟರ್ ಲೆಗ್. 1945ರಲ್ಲಿ ಅವರು ಫಿಲ್‌ಹಾರ್ಮೋನಿಯ ಎಂಬ ಹೊಸ ವಾದ್ಯವೃಂದ ಕಟ್ಟಿದ್ದರು. ಕಟ್ಟಿದ್ದನ್ನು ನಿಲ್ಲಿಸಲು ಹಣ ಬೇಕಿತ್ತು. ಲೆಗ್ ಮೈಸೂರಿಗೆ ಬಂದು ಅರಮನೆಯ ಅತಿಥಿಯಾಗಿದ್ದರು. ಹೊರಡುವಾಗ ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷದ ನೆರವಿನ ಒಪ್ಪಿಗೆ ಅವರ ಕೈಯಲ್ಲಿತ್ತೆಂದು ಅವರೇ ಬರೆದಿಟ್ಟಿದ್ದಾರೆ. ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಗೆ ಜಯಚಾಮರಾಜರು ಮೊದಲ ಅಧ್ಯಕ್ಷರಾದರು. ಯುದ್ಧಾನಂತರ ಕೆಲಸಕ್ಕೆ ತಡಕಾಡುತ್ತಿದ್ದ ಹರ್ಬರ್ಟ್ ಫಾನ್ ಕಾರಯಾನ್ ಈ ವೃಂದದ ಮುಂದೆ ನಿಂತು ನಡೆಸಿಕೊಟ್ಟ ಬಾಲಕಿರೆಫ್, ರೂಸೆಲ್ ಮೊದಲಾದವರ ಸಿಂಫನಿಗಳ ಮುದ್ರಣವೂ ಇದೇ ಹಣದ ಫಲ.

ಹತ್ತು ಸಾವಿರ ಪೌಂಡೆಂದರೆ ಅಂದಿನ ವಿನಿಮಯದಲ್ಲಿ ಒಂದು ಲಕ್ಷ ಮೂವತ್ತಮೂರು ಸಾವಿರ ರೂಪಾಯಿ. ಈ ಲೆಕ್ಕವನ್ನು ನಾನು ಎರಡು ಸಲ ಮಾಡಿ ನೋಡಿದೆ. ಅರಮನೆಯ ಬೊಕ್ಕಸಕ್ಕೆ ಹಣ ಆಕಾಶದಿಂದ ಇಳಿದು ಬರುವುದಿಲ್ಲ. ಮಂಡ್ಯ, ಹಾಸನ, ಚಿತ್ರದುರ್ಗದ ರೈತನ ಬೆವರು ಅದರಲ್ಲಿದೆ. ಇಲ್ಲಿ, ನಮ್ಮ ಜಿಲ್ಲೆಯಲ್ಲಿ, ಆ ವರ್ಷಗಳು ಹೇಗಿದ್ದವೆಂದು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳ ಸುದ್ದಿ ಕೇಳಿ ಜನ ಊರು ಬಿಟ್ಟು ಓಡುತ್ತಿದ್ದರು. ಅದೇ ಕಾಲದಲ್ಲಿ ಒಬ್ಬ ಕನ್ನಡದ ಅರಸರು ಲಂಡನ್ನಿನ ವಾದ್ಯವೃಂದಕ್ಕೆ ಲಕ್ಷ ರೂಪಾಯಿ ಕೊಟ್ಟರೆಂದರೆ ನಮ್ಮಂಥವರಿಗೆ ಮೊದಲು ಬರುವುದು ಕೋಪವೇ. ನನಗೂ ಬಂದಿತು. ಕೋಪ ಪೂರ್ತಿ ಇಳಿದಿದೆಯೆಂದು ಈಗಲೂ ಹೇಳಲಾರೆ. ಆದರೆ ಇನ್ನೆರಡು ಸಂಗತಿಗಳನ್ನು ತಿಳಿದ ಮೇಲೆ ತೀರ್ಪು ಅಷ್ಟು ಸುಲಭವೆಂದು ತೋರಲಿಲ್ಲ.

ಮೊದಲನೆಯದು, ಇದೇ ಕಾಲದಲ್ಲಿ ಅವರು ತಮ್ಮ ರಾಜ್ಯವನ್ನು ಬಿಟ್ಟುಕೊಡುತ್ತಿದ್ದರು. 1947ನೆಯ ಆಗಸ್ಟ್ 9ರಂದು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆ ಶರತ್ಕಾಲದಲ್ಲಿ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಬಂದಿತು. 1950ರ ಜನವರಿ 26ಕ್ಕೆ ಅರಸೊತ್ತಿಗೆ ಮುಗಿದು ಅವರು ರಾಜಪ್ರಮುಖರಾದರು. ಹೈದರಾಬಾದಿನಲ್ಲಿ ಆದದ್ದನ್ನು ಬಲ್ಲ ನಾವು ಇದನ್ನು ಚಿಕ್ಕ ಮಾತೆಂದು ತಳ್ಳಿಹಾಕಲಾಗದು.

ಎರಡನೆಯದು, ಪಶ್ಚಿಮಕ್ಕೆ ಕಿವಿಗೊಟ್ಟವರು ನಮ್ಮದನ್ನು ಮರೆಯಲಿಲ್ಲ. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. 1945ರಿಂದ ಮೊದಲುಮಾಡಿ ಸಂಸ್ಕೃತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರು. ಶ್ರೀವಿದ್ಯಾ ಎಂಬುದು ಅಂಕಿತ. ವೃದ್ಧರಾದ ವಾಸುದೇವಾಚಾರ್ಯರು ಜೊತೆಗಿದ್ದು ತಿದ್ದಿದರು. ಒಂದು ರಾಗದಲ್ಲಿ ಮಾಡಿದ್ದನ್ನು ಮತ್ತೆ ಮಾಡಲಿಲ್ಲ; ಕೃತಿಗೊಂದು ರಾಗ. ಋಗ್ವೇದವನ್ನು ಕನ್ನಡಕ್ಕೆ ತರಿಸಿ ತಮ್ಮ ಗ್ರಂಥಮಾಲೆಯಲ್ಲಿ ಸಂಪುಟ ಸಂಪುಟವಾಗಿ ಅಚ್ಚುಹಾಕಿಸಿದ್ದೂ ಇವರೇ. ರೇಡಿಯೋದ ಮಾತೂ ಇಲ್ಲಿಯೇ ಬರಬೇಕು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಆರಂಭಿಸಿದ ಪುಟ್ಟ ಬಾನುಲಿ ನಿಲಯವನ್ನು ಜಯಚಾಮರಾಜರ ಸರಕಾರ 1942ರಲ್ಲಿ ವಹಿಸಿಕೊಂಡಿತು. ಆ ನಿಲಯಕ್ಕಿಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ನಮ್ಮ ಕಡೆಗೆ ಕಲಬುರ್ಗಿಯ ನಿಲಯ ಬಂದದ್ದು 1966ರಲ್ಲಿ. ಅಲ್ಲಿಯವರೆಗೆ ಕನ್ನಡದ ಹಾಡು ಕೇಳಬೇಕಾದರೆ ದೂರದ ನಿಲಯಗಳನ್ನು ಹುಡುಕಿ ಮುಳ್ಳು ತಿರುವುತ್ತ ಕೂರಬೇಕಿತ್ತು.

ಲಂಡನ್ನಿನಲ್ಲಿ ರಾಯಲ್ ಆಲ್ಬರ್ಟ್ ಹಾಲ್ ಎಂಬ ದುಂಡನೆಯ ಸಭಾಗೃಹವಿದೆ. ಪ್ರತಿ ಬೇಸಿಗೆಯಲ್ಲಿ ಸುಮಾರು ಎಂಟು ವಾರ ಅಲ್ಲಿ ವಾದ್ಯವೃಂದಗಳ ಉತ್ಸವ ನಡೆಯುತ್ತದೆ. ಪ್ರಾಮ್ಸ್ ಎಂದು ಅದರ ಹೆಸರು. 1895ರಲ್ಲಿ ಹೆನ್ರಿ ವುಡ್ ಅವರ ನಿರ್ದೇಶನದಲ್ಲಿ ಕ್ವೀನ್ಸ್ ಹಾಲಿನಲ್ಲಿ ಆರಂಭವಾಯಿತು. ಕಡಿಮೆ ದುಡ್ಡು ಕೊಟ್ಟು ನಿಂತು ಕೇಳುವವರಿಗೂ ಜಾಗವಿರಬೇಕೆಂಬುದು ಮೊದಲಿನಿಂದ ಬಂದ ನಿಯಮ. 1927ರಿಂದ ಬಿ. ಬಿ. ಸಿ. ಅದರ ಹೊಣೆ ಹೊತ್ತು ರೇಡಿಯೋದಲ್ಲಿ ಪ್ರಸಾರ ಮಾಡತೊಡಗಿತು. 1941ರಲ್ಲಿ ಬಾಂಬು ಬಿದ್ದು ಕ್ವೀನ್ಸ್ ಹಾಲ್ ಸುಟ್ಟಾಗ ಉತ್ಸವ ಆಲ್ಬರ್ಟ್ ಹಾಲಿಗೆ ಬಂದಿತು. ಈಗ ಕೈಯಲ್ಲಿನ ಫೋನಿನಲ್ಲಿಯೇ ಆ ಪ್ರಸಾರ ಸಿಕ್ಕುತ್ತದೆ. ಅಲ್ಲಿ ಸಂಜೆ ಏಳೂವರೆ ಎಂದರೆ ಇಲ್ಲಿ ಸರಿಯಾಗಿ ನಡುರಾತ್ರಿ. ಹಲಬರ್ಗಾದ ಮಾಳಿಗೆಯ ಮೇಲೆ ಮಲಗಿ, ಮಳೆಗಾಲದ ಕಪ್ಪೆಗಳ ಕೂಗಿನ ನಡುವೆ ನಾನು ಇಂಥ ಕೆಲವು ಕಛೇರಿಗಳನ್ನು ಕೇಳಿದ್ದೇನೆ. ಭಜನೆಯ ತಾಳಕ್ಕೂ ತತ್ವಪದದ ಏಕತಾರಿಗೂ ಒಗ್ಗಿದ ಕಿವಿಗೆ ಮೊದಮೊದಲು ಅದು ಸಂತೆಯ ಗದ್ದಲದಂತೆಯೇ ಕೇಳುತ್ತದೆ. ಒಂದು ಸ್ವರದ ಬೆನ್ನು ಹಿಡಿದು ಹೋಗುವ ರೂಢಿ ನಮ್ಮದು; ಅಲ್ಲಿ ಹತ್ತು ಸ್ವರಗಳು ಒಟ್ಟಿಗೆ ನಡೆಯುತ್ತವೆ. ನಾಲ್ಕೈದು ಸಲ ಕೇಳಿದ ಮೇಲೆ ದಾರಿ ಕಾಣುತ್ತದೆ.

ಆ ಸಭಾಗೃಹದಲ್ಲಿಯೇ, ಉತ್ಸವದ ದಿನಗಳಲ್ಲಲ್ಲ, 1950ನೆಯ ಮೇ 22ರಂದು ಒಂದು ಕಛೇರಿ ನಡೆಯಿತು. ರಿಚರ್ಡ್ ಸ್ಟ್ರಾಸ್ ಎಂಬ ಜರ್ಮನ್ ಸಂಗೀತಕಾರರು ತಮ್ಮ 84ನೆಯ ವಯಸ್ಸಿನಲ್ಲಿ, 1948ರಲ್ಲಿ, ಗಾಯಕಿಗೂ ವಾದ್ಯವೃಂದಕ್ಕೂ ಕೆಲವು ಹಾಡುಗಳನ್ನು ರಚಿಸಿದ್ದರು. ಮೂರಕ್ಕೆ ಹೆರ್ಮನ್ ಹೆಸ್ಸೆಯವರ ಕವಿತೆ, ಒಂದಕ್ಕೆ ಐಷೆನ್‌ಡಾರ್ಫರದು. ಹೂದೋಟದಲ್ಲಿ ಮುಗಿಯುತ್ತಿರುವ ಬೇಸಿಗೆ, ನಿದ್ರೆಗೆ ಜಾರುವ ಜೀವ, ಬಹುದೂರ ಕೈಹಿಡಿದು ನಡೆದು ಬಂದ ದಂಪತಿಗಳ ಮುಂದೆ ಮುಳುಗುತ್ತಿರುವ ಸೂರ್ಯ, ಇವೇ ವಸ್ತು. ಸಾವಿನ ವಿಷಯವಾದರೂ ಅಳು ಇಲ್ಲ. ತಾವು ಕೇಳುವ ಮೊದಲೇ ಸ್ಟ್ರಾಸ್ 1949ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ಜಯಚಾಮರಾಜರು ಪಟ್ಟವೇರಿದ ದಿನಾಂಕವೂ ಅದೇ. ಜ್ಯೋತಿಷಿಗಳು ಏನಾದರೂ ಹೇಳಿಕೊಳ್ಳಲಿ. ಆ ಹಾಡುಗಳನ್ನು ಮೊದಲು ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದವರು ಫಿಲ್‌ಹಾರ್ಮೋನಿಯದವರು, ನಡೆಸಿದವರು ಫುರ್ಟ್‌ವೆಂಗ್ಲರ್. ನಷ್ಟವಾದರೆ ತುಂಬಿಕೊಡುವೆನೆಂದು 4,800 ಡಾಲರಿನ ಭರವಸೆ ಕೊಟ್ಟವರು ಜಯಚಾಮರಾಜರು. ಅವರು ಹೋಗಲಾಗಲಿಲ್ಲ. ಅಂದಿನ ಹಾಡಿಕೆಯನ್ನು ಮುದ್ರಿಸಿ ಹಡಗಿನಲ್ಲಿ ಮೈಸೂರಿಗೆ ಕಳುಹಿಸಿದರು. ರಾಜ್ಯವಿಲ್ಲದ ಅರಸರು ತಾವು ಕೊಂಡ ಕಛೇರಿಯನ್ನು ತಟ್ಟೆಗಳಿಂದ ಕೇಳಿಕೊಂಡರು. ಆ ಮುದ್ರಣ ಇಂದಿಗೂ ಉಳಿದಿದೆ. ಗರಗರ ಸದ್ದು ವಿಪರೀತ, ಆದರೂ ಆ ಹೆಂಗಸಿನ ಕಂಠ ಅದನ್ನು ಸೀಳಿಕೊಂಡು ಮೇಲೆ ಬರುತ್ತದೆ. ಆಮೇಲೆ ಬೇಸಿಗೆ ಉತ್ಸವದಲ್ಲಿಯೂ ಈ ಹಾಡುಗಳು ಎಷ್ಟೋ ಸಲ ಕೇಳಿಬಂದಿವೆ, ರೇಡಿಯೋದಲ್ಲಿ ಲೋಕವೆಲ್ಲ ಹರಡಿವೆ.

ನನ್ನ ಆಕ್ಷೇಪ ಒಂದು ಉಳಿಯುತ್ತದೆ. ಲಂಡನ್ನಿನ ವೃಂದ ಬದುಕಿ ದೊಡ್ಡದಾಯಿತು. ಮೈಸೂರಿನದು? ಅರಮನೆಯ ವಾದ್ಯಮೇಳದ ಪರಂಪರೆ ಈಗ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ದಸರೆಯಲ್ಲಿ ಅದನ್ನು ಕೇಳಬಹುದು. ಜನಸಾಮಾನ್ಯನು ಎರಡು ರೂಪಾಯಿ ಕೊಟ್ಟು ನಿಂತು ಕೇಳುವಂಥ ಉತ್ಸವವಾಗಿ ಆ ಮೇಳ ಬೆಳೆಯಲಿಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ರಾಮನವಮಿಯ ಸಂಗೀತೋತ್ಸವ ಒಂದರ್ಥದಲ್ಲಿ ನಮ್ಮ ಬೇಸಿಗೆಯ ಉತ್ಸವ. ಅದನ್ನು ಕಟ್ಟಿದವರು ಬೀದಿಯ ಜನ, ಅರಮನೆಯವರಲ್ಲ.

ಉಳಿದದ್ದನ್ನು ಬೇಗ ಹೇಳಬಹುದು. 1956ರಿಂದ 1964ರವರೆಗೆ ನಮ್ಮ ರಾಜ್ಯಪಾಲರಾಗಿ, ಅಲ್ಲಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿ ಇದ್ದರು. ಅದೇ ವರ್ಷ ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್ ಕೊಟ್ಟಿತು. ವರ್ಷಕ್ಕೆ ಇಪ್ಪತ್ತಾರು ಲಕ್ಷದ ರಾಜಧನ 1971ರಲ್ಲಿ ನಿಂತುಹೋಯಿತು. 1974ನೆಯ ಸೆಪ್ಟೆಂಬರ್ 23ರಂದು ಬೆಂಗಳೂರಿನ ಅರಮನೆಯಲ್ಲಿ ಅವರು ತೀರಿಕೊಂಡರು. ವಯಸ್ಸು ಐವತ್ತೈದು.