ಹೆಸರು ರಸ್ತೆಗೆ, ಪಾಠ ಯಾರಿಗೆ?

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯನ್ನು ಎಚ್‌ಎಎಲ್ ಪ್ರದೇಶದೊಡನೆ ಜೋಡಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ವಾಹನಗಳು ಸಾಗುತ್ತವೆ. ಆ ಹೆಸರಿನ ಹಿಂದಿನ ವ್ಯಕ್ತಿ ಯಾರೆಂದು ಬಲ್ಲವರು ವಿರಳ.

1920ರಲ್ಲಿ ಜನಿಸಿದ ದಾಸ್, ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಧಿ ರಂಜನ್ ದಾಸ್ ಅವರ ಪುತ್ರ. ತಂದೆಯ ನ್ಯಾಯಾಲಯದ ದಾರಿ ಹಿಡಿಯದೆ ವಾಯುಪಡೆ ಸೇರಿದರು. ಇಂಗ್ಲೆಂಡಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದು, ಮುಂದೆ ಎಚ್‌ಎಎಲ್‌ನ ಮುಖ್ಯ ಪರೀಕ್ಷಾ ಪೈಲಟ್ ಆದರು. ಹೊಸ ವಿಮಾನದ ದೋಷಗಳನ್ನು ಇತರರು ಏರುವ ಮುನ್ನವೇ ತಾನು ಕಂಡುಕೊಳ್ಳುವುದು ಈ ವೃತ್ತಿಯ ಧರ್ಮ.

ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿಸಿದವರು ಅವರೇ. 1964ರಲ್ಲಿ ಕಿರಣ್ ತರಬೇತಿ ವಿಮಾನದ ಮೊದಲ ಹಾರಾಟವೂ ಅವರದೇ.

ಮಾರುತ್‌ನ ದೇಹ ಸಮರ್ಥವಾಗಿತ್ತು, ಕೊರತೆಯಿದ್ದುದು ಎಂಜಿನ್ನಿನಲ್ಲಿ. ಉದ್ದೇಶಿಸಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್‌ನ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ಅದರ ವೆಚ್ಚ ಭರಿಸಲು ನಮ್ಮ ಸರ್ಕಾರವೂ ಮುಂದಾಗಲಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುವಾದ ಗಾಳಿಯಲ್ಲಿ ಎಂಜಿನ್ನಿನ ಬಲ ಇನ್ನೂ ಕುಗ್ಗುತ್ತದೆ. ವಿಮಾನ ಮೇಲೇಳಲು ಉದ್ದನೆಯ ಓಟ ಬೇಕಾಗುತ್ತದೆ. ಓಟ ನಿರ್ದಿಷ್ಟ ವೇಗ ಮೀರಿದ ಬಳಿಕ ತೊಂದರೆ ಕಂಡರೆ, ಉಳಿದ ರನ್‌ವೇಯಲ್ಲಿ ನಿಲ್ಲಿಸಲಾಗದು.

ಬಲ ಹೆಚ್ಚಿಸಲು ಆಫ್ಟರ್‌ಬರ್ನರ್ ಅಳವಡಿಸಿದ ಮಾರುತ್ ಮಾದರಿಯನ್ನು 1970ರ ಜನವರಿ 10ರಂದು ದಾಸ್ ಹಾರಿಸಿದರು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅದು ಅಪ್ಪಳಿಸಿತು. ಅವರು ಪ್ರಾಣ ತೆತ್ತರು. ಮರಣೋತ್ತರವಾಗಿ ಪದ್ಮಭೂಷಣ ಸಂದಿತು. ಮರುವರ್ಷದ ಯುದ್ಧದಲ್ಲಿ ಮಾರುತ್ ಹಳೆಯ ಎಂಜಿನ್ನಿನೊಡನೆಯೇ ಸೇವೆ ಸಲ್ಲಿಸಿತು.

ಈ ಬದುಕನ್ನು ಶೌರ್ಯದ ಕಥೆಯಾಗಿ ಮಾತ್ರ ಓದಿದರೆ ನಮ್ಮ ಹೊಣೆ ತಪ್ಪುತ್ತದೆ. ಪೈಲಟ್‌ನ ಕೌಶಲ, ಖಜಾನೆ ಉಳಿಸಿಕೊಂಡ ಬಲವನ್ನೂ ಮೀಟರುಗಳನ್ನೂ ತುಂಬಿಕೊಡಲಾರದು. ಮಂಗಳೂರಿನಲ್ಲಿ 1981ರಲ್ಲಿ, ಮತ್ತೆ 2010ರಲ್ಲಿ, ಇಳಿಯುವ ವಿಮಾನಗಳು ರನ್‌ವೇ ಮೀರಿ ಹೋದವು. ಎರಡನೆಯದರಲ್ಲಿ 158 ಮಂದಿ ಮಡಿದರು. ತನಿಖೆ ಕ್ಯಾಪ್ಟನ್ನರ ಲೋಪವನ್ನು ಗುರುತಿಸಿತು, ನಿಜ. ಆದರೆ ಏರುವಾಗಲಾಗಲಿ ಇಳಿಯುವಾಗಲಾಗಲಿ ತಪ್ಪು ನಡೆದೇ ನಡೆಯುತ್ತದೆಂದು ತಿಳಿದೇ ರನ್‌ವೇ ಅಂಚಿನ ಸುರಕ್ಷತಾ ಪ್ರದೇಶದ ನಿಯಮ ಹುಟ್ಟಿದೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಅದರ ಕನಿಷ್ಠ ಉದ್ದ 90 ಮೀಟರ್, ಶಿಫಾರಸು 240 ಮೀಟರ್. ಜಾಗವಿಲ್ಲದೆಡೆ ಚಕ್ರಗಳನ್ನು ಹಿಡಿದು ನಿಲ್ಲಿಸುವ ಹಗುರ ಕಾಂಕ್ರೀಟ್ ಹಾಸನ್ನು ಹಾಕುವ ವಿಧಾನವೂ ಇದೆ.

ಮಳವಳ್ಳಿಯ ಬಂಡೂರಿನಂತಹ ಊರುಗಳ ಮಕ್ಕಳೂ ಇಂದು ವಿಮಾನವೇರುತ್ತಿದ್ದಾರೆ. ಆ 150 ಮೀಟರ್‌ನ ಅಂತರ ಅವರ ಕಣ್ಣಿಗೆ ಬೀಳದು. ಕಡತಕ್ಕೆ ಸಹಿ ಹಾಕುವವರಿಗೆ ಮಾತ್ರ ಕಾಣುತ್ತದೆ. ಅದನ್ನು ಅನಗತ್ಯ ವೆಚ್ಚವೆಂದು ಹೊಡೆದುಹಾಕುವ ಮುನ್ನ ಅವರು ಸುರಂಜನ್ ದಾಸರನ್ನು ಒಮ್ಮೆ ನೆನೆಯಲಿ.